ಹಂಚಿನಕುದ್ರುವಿನ ಮಂಜಿ

ಕ್ರಿ.ಶ. ೨೨೧೬, ಕೆಸರು ತಿಂಗಳ ಮೂವತ್ತೇಳನೆಯ ದಿನ
ಹಂಚಿನಕುದ್ರುವಿನ ಎದುರು ದಡ

ನನಗಿಂತ ಆರೇಳು ತಲೆಮಾರು ಹಿಂದೆ ಬದುಕುತ್ತಿರುವವರಿಗೆ,

ಮೇಲಿನ ತಾರೀಖು ನೋಡಿ ಇದು ಯಾರೋ ತಮಾಷೆಗೆ ಬರೆದದ್ದು ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ತಿಂಗಳೊಂದು ನಮ್ಮಲ್ಲಿದೆ. ಮಳೆಗಾಲ ಮುಗಿದು ಕಡಲು ಹಿಂದೆ ಸರಿದ ಮೇಲೆ ಮನೆ, ಶಾಲೆ, ಬಾವಿ ಎಲ್ಲದರೊಳಗೂ ಕೆಸರು ಉಳಿಯುತ್ತದೆ. ಅದನ್ನು ಎತ್ತಿ ಹಾಕಿ ಮುಗಿಯುವ ತನಕ ಕೋರ್ಟು ಕೂರುವುದಿಲ್ಲ, ಪಾಠ ನಡೆಯುವುದಿಲ್ಲ, ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ದಿನಗಳನ್ನು ಯಾವ ತಿಂಗಳಿಗೂ ಸೇರಿಸಲಾಗದೆ ಸರಕಾರವೇ ಬೇರೆ ಹೆಸರು ಕೊಟ್ಟಿತು. ಕೆಲವು ವರ್ಷ ಅದು ಮೂರು ವಾರಕ್ಕೆ ಮುಗಿಯುತ್ತದೆ. ಈ ವರ್ಷ ಮುಗಿಯುವ ಹಾಗೆ ಕಾಣುವುದಿಲ್ಲ.

ನಿಮಗೆ ತಿಳಿಯಲೆಂದು ಹಳೆಯ ಪುಸ್ತಕಗಳ ಕನ್ನಡದಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ. ನಡುನಡುವೆ ನಮ್ಮ ಕಾಲದ ಮಾತು ನುಸುಳಿದರೆ ಕ್ಷಮಿಸಿ. ಆದರೆ ಈ ಕಾಗದದಲ್ಲಿರುವ ಹೇಸಿಗೆಗೆ ನಾನು ಕ್ಷಮೆ ಕೇಳುವುದಿಲ್ಲ. ಅದರಲ್ಲಿ ಒಂದು ಪಾಲು ನಿಮಗೆ ಸೇರಬೇಕಾದದ್ದೇ.

ನನ್ನ ಹೆಸರು ಯಮುನಾ ಕಾಂಚನ್. ಹೋದ ವರ್ಷದವರೆಗೂ ನಾನು ಉಳಿವು ಮಂಡಳಿಯಲ್ಲಿದ್ದೆ. ಹಳೆಯ ವಸ್ತುಗಳನ್ನು ಕಾಪಾಡಲು ಸರಕಾರ ಮಾಡಿದ ಕಚೇರಿ ಅದು. ಮರದ ವಸ್ತುಗಳಿಗೆ ಹುಳ ಹಿಡಿಯದಂತೆ, ಬಿರುಕು ಬಿಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹತ್ತಾರು ತೊಟ್ಟಿಲು, ಬಾಗಿಲು, ಕುರ್ಚಿಗಳ ಜೊತೆ ಒಂದು ಮಂಜಿಯೂ ನನ್ನ ಪಾಲಿಗೆ ಬಂದಿತ್ತು. ಅದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಚಪ್ಪಟೆ ತಳದ, ಅಗಲ ಹೊಟ್ಟೆಯ, ಹಾಯಿ ಕಟ್ಟಿ ಓಡಿಸುವ ಸರಕಿನ ಹಡಗು. ಹೆಸರು ಪಾರ್ವತಿಪ್ರಸಾದ.

ಅದರ ಕಥೆಯನ್ನು ನನಗೆ ಹೇಳಿದ್ದು ಅದರ ಮೈಯೇ. ಒಂದು ಅಂಗೈಯಷ್ಟು ಜಾಗದಲ್ಲಿ ಬಣ್ಣವನ್ನು ಪದರ ಪದರವಾಗಿ ಕೆರೆಯುತ್ತಾ ಹೋದಾಗ, ಎಲ್ಲಕ್ಕಿಂತ ಕೆಳಗೆ ಬಣ್ಣವೇ ಇರಲಿಲ್ಲ. ಮೀನೆಣ್ಣೆ ಕುಡಿದು ಕಪ್ಪಾದ ಹಲಗೆ ಇತ್ತು, ಹಲಗೆಯ ಸಂದಿನಲ್ಲಿ ಕೆಂಪು ಪುಡಿ ಇತ್ತು. ಅದು ಹಂಚಿನ ಪುಡಿ. ನಿಮ್ಮ ಅಜ್ಜಂದಿರ ಕಾಲದಲ್ಲಿ ಹಂಚಿನಕುದ್ರುವಿನ ಕಾರ್ಖಾನೆಯಿಂದ ಹಂಚು ತುಂಬಿಕೊಂಡು ಅದು ಅಳಿವೆ ದಾಟಿ ಬೊಂಬಾಯಿಯವರೆಗೂ ಹೋಗುತ್ತಿತ್ತು. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಅದರ ಸುತ್ತ ನೀರು ಮೊಣಕಾಲಷ್ಟೇ ಇದ್ದರೂ ಮಂಜಿ ತಳ ತಾಗದೆ ಸರಾಗವಾಗಿ ದಡಕ್ಕೆ ಬಂದು ಕೂರುತ್ತಿತ್ತು. ಅದನ್ನು ಚಪ್ಪಟೆಯಾಗಿ ಕಟ್ಟಿದ್ದು ಅದಕ್ಕಾಗಿಯೇ. ಲಾರಿಗಳು ಬಂದ ಮೇಲೆ ಅದು ಹೊಯಿಗೆ, ಎಂದರೆ ಹೊಳೆಯ ಮರಳು, ಹೊತ್ತಿತು, ಆಮೇಲೆ ಏನೂ ಹೊರದೆ ಮರಳಿನ ಮೇಲೆ ಬಿತ್ತು. ಅಲ್ಲೇ ಕರಗಿ ಹೋಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಆಗ ನಿಮಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಕ್ರೇನಿನಲ್ಲಿ ಎತ್ತಿ ತಂದು ಬೀಚಿನ ರಸ್ತೆಯ ಪಕ್ಕ ಇಟ್ಟಿರಿ. ಮೀನೆಣ್ಣೆಯ ಮೇಲೆ ತಿಳಿನೀಲಿ ಆಯಿಲ್ ಪೇಂಟು ಬಳಿದಿರಿ. ಹಾಯಿಮರ ಕಿತ್ತು ಕಬ್ಬಿಣದ ಪೈಪು ನಿಲ್ಲಿಸಿ ಅದಕ್ಕೆ ಸೀರಿಯಲ್ ಸೆಟ್ ಸುತ್ತಿದಿರಿ. ಒಂದಷ್ಟು ವರ್ಷ ಅದರ ಹೊಟ್ಟೆಯಲ್ಲಿ ಫ್ಯಾಮಿಲಿ ರೆಸ್ಟೋರೆಂಟ್ ಇತ್ತು. ನೀಲಿ ಬಣ್ಣದ ಒಳಮೈಗೆ ಅಂಟಿದ್ದ ಜಿಡ್ಡನ್ನು ನಾನು ಬ್ಲೇಡಿನಲ್ಲಿ ತೆಗೆದಿದ್ದೇನೆ, ಇನ್ನೂರು ವರ್ಷದ ಗೋಬಿ ಮಂಚೂರಿಯ ಜಿಡ್ಡು ಎಂಥದೆಂದು ನನ್ನ ಉಗುರುಗಳಿಗೆ ಗೊತ್ತು. ಎಸಿ ಕೂರಿಸಲು ಹಡಗಿನ ಪಕ್ಕೆಲುಬು ಕೊಯ್ದಿರಿ. ಕೈತೊಳೆಯುವ ನೀರು ಹೋಗಲು ತಳಕ್ಕೆ ತೂತು ಹೊಡೆದಿರಿ, ಹಡಗಿನ ತಳಕ್ಕೆ! ಇನ್ನೂ ಒಂದು ಕೆಲಸ ಮಾಡಿದಿರಿ. ಅದನ್ನು ನಾನು ಬಹಳ ತಡವಾಗಿ ಕಂಡೆ. ಮುಂದೆ ಹೇಳುತ್ತೇನೆ.

ನಿಮ್ಮ ಮಕ್ಕಳ ಕಾಲಕ್ಕೆ ನೀಲಿಯ ಮೇಲೆ ಬಂಗಾರದ ಬಣ್ಣ ಬಂತು. ಮದುಮಕ್ಕಳು ಅದರ ಮೂತಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಡಲು ಏರಿ ಹಳೆಯ ಪೇಟೆ ಮುಳುಗಿದಾಗ ಅದನ್ನು ಮತ್ತೆ ಎತ್ತಿ, ಈಗಿನ ದಡಕ್ಕೆ ತಂದು, ಸುತ್ತ ಗೋಡೆ ಕಟ್ಟಿ ಹಡಗುಮನೆ ಎಂದು ಹೆಸರಿಟ್ಟರು. ಪೇಟೆಯ ಜನರನ್ನು ಎತ್ತಿ ತರಲು ಅಷ್ಟು ಮುತುವರ್ಜಿ ಇರಲಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ಕುದ್ರುವಿಗೆ ಹೋಗಿ, ಅದರ ಸುತ್ತ ಒಡ್ಡು ಕಟ್ಟಿಕೊಂಡು ಅಲ್ಲೇ ಉಳಿದರು. ನನ್ನ ತಂಗಿ ಗುಲಾಬಿ ಮದುವೆಯಾಗಿ ಹೋದದ್ದು ಅಲ್ಲಿಗೆ.

ಕುದ್ರುವಿಗೂ ದಡಕ್ಕೂ ನಡುವೆ ಈಗ ಇರುವುದನ್ನು ನಾವು ಸೂರುನೀರು ಎನ್ನುತ್ತೇವೆ. ಮುಳುಗಿದ ಮನೆಗಳ ಸೂರಿನ ಮೇಲೆ ನಿಂತ ಉಪ್ಪುನೀರು. ಕೆಳಗೆ ಬೀದಿ ಇದ್ದಲ್ಲಿ ಆಳ, ಟೆರೇಸು ಇದ್ದಲ್ಲಿ ಮೊಣಕಾಲುದ್ದ. ಅಲ್ಲಲ್ಲಿ ನೀವು ಇನ್ನೊಂದು ಮಾಳಿಗೆ ಎಬ್ಬಿಸುವ ಆಸೆಯಿಂದ ಬಿಟ್ಟುಹೋದ ಕಂಬಿಗಳು ಚೂಪಾಗಿ ನಿಂತಿವೆ. ನಮ್ಮ ಬಿಸಿಲ್ದೋಣಿಗಳು ಬಿಸಿಲಿನಲ್ಲಿ ಓಡುತ್ತವೆ, ಬ್ಯಾಟರಿಯ ಭಾರಕ್ಕೆ ನೀರಿನೊಳಗೆ ಆಳ ಇಳಿದಿರುತ್ತವೆ. ಗುರುತು ಹಾಕಿದ ಬೀದಿಯ ಮೇಲೆ ಮಾತ್ರ ಅವು ಹೋಗಬಲ್ಲವು.

ಹೋದ ವರ್ಷ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕುದ್ರುವಿನ ಒಡ್ಡು ಒಡೆಯಿತು. ಜನ ಹಳೆಯ ಹಂಚಿನ ಕಾರ್ಖಾನೆಯ ಅಟ್ಟ ಹತ್ತಿದರು. ಮೊದಲು ಹೊರಟ ಬಿಸಿಲ್ದೋಣಿ ಕಂಬಿಗೆ ಸಿಕ್ಕಿ ತಳ ಹರಿದುಕೊಂಡಿತು, ಎರಡನೆಯದು ಬೀದಿಯ ಗುರುತು ಕಾಣದೆ ಯಾರದೋ ಟೆರೇಸಿನ ಮೇಲೆ ಕೂತಿತು. ಗಾಳಿಗೆ ಹಾರುಗಾಡಿ ಏಳುವ ಹಾಗಿರಲಿಲ್ಲ. ಗುಲಾಬಿಯ ಧ್ವನಿ ನನ್ನ ಕಿವಿಯ ಯಂತ್ರದಲ್ಲಿ ಒಮ್ಮೆ ಬಂತು. "ಅಕ್ಕ, ಅಟ್ಟದ್ ಮರ ಕಿರ್ ಅಂತಿತ್ತ್. ಎಂತಾರೂ ಮಾಡ್." ಅಷ್ಟಕ್ಕೆ ನಿಂತಿತು.

ನಾನು ಆಗ ಕೆಲಸದ ಮೇಲೆ ಹಡಗುಮನೆಯ ಹೊರಗಿದ್ದೆ, ನಮ್ಮ ನೆರೆಮನೆಯ ಹೆರಿಯಣ್ಣ ಅದರ ಬಾಗಿಲಲ್ಲಿ ನಿಂತಿದ್ದರು. ವಯಸ್ಸಾಗಿ ದೋಣಿ ಬಿಟ್ಟವರು. ಜಗಳಗಂಟ ಮನುಷ್ಯ, ಬೀದಿಯಲ್ಲಿ ಅವರ ಜೊತೆ ಮಾತು ಬಿಡದವರು ಕಡಿಮೆ. ನೀರು ಹಡಗುಮನೆಯೊಳಗೂ ನುಗ್ಗಿ ಸೊಂಟದವರೆಗೆ ಬಂದಿತ್ತು. ಅವರು ನನ್ನನ್ನು ಕೈಹಿಡಿದು ಒಳಗೆ ಎಳೆದರು.

"ಕಾಣ್ ಯಮುನಾ, ಹಿಂದಿನ್ ಬದಿ ಕಾಣ್. ಏಳುಕೆ ನೋಡ್ತಿತ್ತ್. ಏಳುಕೆ ಆತಿಲ್ಲೆ ಅದ್ಕೆ. ಹೊಟ್ಟಿ ಒಳ್ಗೆ ಎಂತದೋ ಭಾರ ಕೂತಿತ್ತ್."

ನಿಜ. ಪ್ರತಿ ಅಲೆಗೂ ಮಂಜಿಯ ಹಿಂಭಾಗ ಒಂದು ಬೆರಳಷ್ಟು ಏಳುತ್ತಿತ್ತು, ಮತ್ತೆ ಧೊಪ್ಪನೆ ಕೂರುತ್ತಿತ್ತು. ಇಷ್ಟು ವರ್ಷದ ಮೇಲೆ ನೀರು ತಾನಾಗಿ ಹುಡುಕಿಕೊಂಡು ಬಂದಿತ್ತು, ಮತ್ತು ಅದು ಏಳಲಾರದೆ ಹೋಗುತ್ತಿತ್ತು. ನಾನು ಒಳಗೆ ಹತ್ತಿ ಕಾರ್ಪೆಟ್ಟು ಕಿತ್ತೆ. ಅದರ ಕೆಳಗೆ ಪ್ಲೈವುಡ್ಡು, ಪ್ಲೈವುಡ್ಡಿನ ಕೆಳಗೆ ನುಣ್ಣಗಿನ ಬೂದು ನೆಲ. ಅದೇ ನಾನು ಆಗ ಹೇಳದೆ ಬಿಟ್ಟ ನಿಮ್ಮ ಕೆಲಸ. ಊಟದ ಟೇಬಲ್ಲು ಅಲ್ಲಾಡಬಾರದೆಂದು ಮಂಜಿಯ ತಳದ ತುಂಬ ಸಿಮೆಂಟು ಸುರಿದಿದ್ದಿರಿ.

ಹೊರಗೆ ಓಡಿ, ಸುತ್ತಿಗೆ ಹಾರೆ ತನ್ನಿ ಎಂದು ದಡದವರನ್ನು ಕೂಗಿ ಕರೆದೆ.

ಸುತ್ತಿಗೆ, ಹಾರೆ ಹಿಡಿದು ದಡದ ಜನ ಬಂದರು. ಸಿಮೆಂಟು ಒಡೆದು ಬುಟ್ಟಿಯಲ್ಲಿ ಹೊರಗೆ ಎಸೆಯತೊಡಗಿದೆವು. ಅಷ್ಟರಲ್ಲಿ ಮಂಡಳಿಯ ಅಧ್ಯಕ್ಷ ಪ್ರಫುಲ್ಲಚಂದ್ರ ಬಂದರು. ಉದ್ದ ಬೂಟು ಹಾಕಿಕೊಂಡು ಬಾಗಿಲ ಮೆಟ್ಟಿಲಿನಿಂದ ಕೆಳಗೆ ಇಳಿಯದೆ ನಿಂತರು. ಕೆಟ್ಟ ಮನುಷ್ಯರೆಂದು ಅಲ್ಲಿಯವರೆಗೆ ನನಗೆ ಅನ್ನಿಸಿರಲಿಲ್ಲ. ಹಳೆಯ ವಸ್ತು ಮುಟ್ಟುವ ಮೊದಲು ಅವರು ಕೈ ತೊಳೆದು ಒರೆಸಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ.

"ಯಮುನಾ ಅವರೇ, ನಿಲ್ಲಿಸಿ. ಇಡೀ ಕರಾವಳಿಯಲ್ಲಿ ಉಳಿದಿರುವುದು ಇದೊಂದೇ."

"ಸರ್, ಕುದ್ರುವಿನಲ್ಲಿ ಜನ ಇದ್ದಾರೆ. ಅಟ್ಟ ಬೀಳುವ ಹಾಗಿದೆ. ಈ ನೀರಿನ ಮೇಲೆ ಹೋಗಬಲ್ಲದ್ದು ಇದೊಂದೇ."

"ನನಗೂ ಸಂಕಟವಾಗುತ್ತದೆ. ಆದರೆ ಯೋಚನೆ ಮಾಡಿ. ಜನ ಮತ್ತೆ ಹುಟ್ಟುತ್ತಾರೆ. ಮಂಜಿ ಮತ್ತೆ ಹುಟ್ಟುವುದಿಲ್ಲ."

ಹೆರಿಯಣ್ಣ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡರು.

"ಹ್ವಾಯ್, ಹಾಂಗಾರೆ ನೀವೇ ಒಂದ್ಸಲ ಹೋಯಿ ಅವ್ರಿಗೆ ಹೇಳಿ ಬನ್ನಿ ಕಾಂಬ. ಮಕ್ಕಳೇ, ನೀವ್ ಸತ್ರೆ ಅಡ್ಡಿಲ್ಲೆ, ಮತ್ತ್ ಹುಟ್ತ್ರಿ ಅಂದೇಳಿ. ಹೋತ್ರ್ಯಾ? ಹೋತಿಲ್ಲ ಅಲ್ದಾ? ಹಾಂಗಾರೆ ಬಾಗ್ಲ್ ಬಿಟ್ಟ್ ಆಚಿಗೆ ನಿಲ್ಕಣಿ. ದೊಡ್ಡ್ ಸಾಮಾನ್ ಹೊರ್ಗ್ ತೆಗೂಕಿತ್ತ್."

ಅಧ್ಯಕ್ಷರು ಪೊಲೀಸರನ್ನು ಕರೆಯಲು ನೋಡಿದರು. ಪೊಲೀಸರೆಲ್ಲ ತಮ್ಮ ತಮ್ಮ ಮನೆಯವರನ್ನು ಎತ್ತರಕ್ಕೆ ಸಾಗಿಸುತ್ತಿದ್ದರು. ನಾವು ಒಡೆಯುವುದನ್ನು ಮುಂದುವರಿಸಿದೆವು. ಮಾರನೆಯ ದಿನ ಬೆಳಿಗ್ಗೆ ಕೊನೆಯ ಗಟ್ಟಿಗಳು ಹೊರಗೆ ಹೋದಾಗ ಮಂಜಿ ಎದ್ದಿತು. ಸದ್ದಿಲ್ಲದೆ, ಮಲಗಿದ್ದ ಎಮ್ಮೆ ಏಳುವ ಹಾಗೆ, ಮೊದಲು ಹಿಂಭಾಗ, ಆಮೇಲೆ ಮೂತಿ. ಜೊತೆಗೆ ನಿಮ್ಮ ತೂತುಗಳಿಂದ ನೀರು ಚಿಮ್ಮಿತು. ಅವಕ್ಕೆ ಬಟ್ಟೆ, ತೆಂಗಿನ ನಾರು, ಅಂಟು ಸೇರಿಸಿ ಜಡಿದೆವು. ಸಿಮೆಂಟಿನ ಕೆಳಗಿದ್ದ ಹಲಗೆಗಳನ್ನು ಮುಟ್ಟಿದಾಗ ನನ್ನ ಬೆರಳು ಒಳಗೆ ಹೋಯಿತು. ಎಣ್ಣೆ ಹಚ್ಚಿ ಗಾಳಿಗೆ ಬಿಟ್ಟಿದ್ದರೆ ಅವು ಗಟ್ಟಿಯಾಗಿಯೇ ಇರುತ್ತಿದ್ದವು. ಸಿಮೆಂಟು ತೇವ ಹಿಡಿದಿಟ್ಟು ಅವನ್ನು ನೆನೆದ ಅವಲಕ್ಕಿಯ ಹಾಗೆ ಮಾಡಿತ್ತು.

"ಇದ್ ಹಿಡ್ಕಂತಾ?" ಎಂದು ಯಾರೋ ಕೇಳಿದರು.

"ಹೋಪ್ದಂತೂ ಹೋಪ್ದೇ," ಎಂದರು ಹೆರಿಯಣ್ಣ.

ಬಾಗಿಲ ಕಡೆಯ ಗೋಡೆ ಕೆಡವಿ ಮಂಜಿಯನ್ನು ಹೊರಗೆ ತಳ್ಳಿದೆವು. ಟಾರ್ಪಾಲನ್ನೇ ಹಾಯಿ ಮಾಡಿ ಕಬ್ಬಿಣದ ಪೈಪಿಗೆ ಕಟ್ಟಿದೆವು, ಎರಡೂ ಬದಿಯಲ್ಲಿ ಜನ ನಿಂತು ಉದ್ದನೆಯ ಗಳ ಹಾಕಿ ನೂಕಿದೆವು. ನಾನು ಹೆಸರೂ ಕೇಳದ ಬೀದಿಗಳ ಮೇಲೆ, ಮಾಳಿಗೆಗಳ ಮೇಲೆ, ಮಂಜಿ ಎಲ್ಲಿಯೂ ತಳ ತಾಗದೆ ಹೋಯಿತು. ಅಷ್ಟು ವರ್ಷ ಅದರ ಮೈ ಒರೆಸಿದ್ದ ನನಗೆ, ಅದು ಏನೆಂದು ತಿಳಿದದ್ದು ಆ ಹೊತ್ತಿನಲ್ಲಿ. ಖುಷಿಯಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಆಯಿತು.

ಕಾರ್ಖಾನೆಯ ಅಟ್ಟದಿಂದ ಮಕ್ಕಳನ್ನು, ಮುದುಕರನ್ನು ಮೊದಲು ಇಳಿಸಿದರು. ಗುಲಾಬಿ ತನ್ನ ಮಗಳನ್ನು ನನ್ನ ಕೈಗೆ ಕೊಟ್ಟು, "ಇವ್ಳನ್ ಕರ್ಕಂಡ್ ಹೋಗ್. ಅತ್ತೆಗ್ ನಡುಕೆ ಆತಿಲ್ಲೆ, ನಾ ಅವ್ರೊಟ್ಟಿಗ್ ಮತ್ತ್ ಬತ್ತೆ," ಎಂದಳು. ಆ ಸಲ ಎಲ್ಲರನ್ನೂ ದಡಕ್ಕೆ ಮುಟ್ಟಿಸಿದೆವು. ಎರಡನೆಯ ಸಲ ಉಳಿದವರನ್ನೆಲ್ಲ ಹತ್ತಿಸಿಕೊಂಡು ತಿರುಗಿ ಬರುವಾಗ ಕೆಳಗೆ ಹಲಗೆಯೊಂದು ಬಾಯಿ ಬಿಟ್ಟಿತು. ಹೆರಿಯಣ್ಣ ಬೈರಾಸು, ಹಾಸಿಗೆ, ಕೈಗೆ ಸಿಕ್ಕಿದ್ದೆಲ್ಲ ತೆಗೆದುಕೊಂಡು ಒಳಗೆ ಇಳಿದರು. ಅದನ್ನೆಲ್ಲ ತುರುಕಿ, ಬೆನ್ನು ಕೊಟ್ಟು ಒತ್ತಿ ಹಿಡಿದು ಕೂತರು.

ಗುಲಾಬಿ ಬಗ್ಗಿ ಕೂಗಿದಳು. "ಹೆರಿಯಣ್ಣ, ಮೇಲ್ ಬನ್ನಿ! ನೀರ್ ಏರ್ತಿತ್ತ್!"

"ನೀವ್ ಗಳ ಹಾಕ್ತಾ ಇರಿ. ನಾ ಕೈ ಬಿಟ್ರೆ ಎಲ್ಲ ಹೋತ್ರಿ. ಬತ್ತೆ, ಬತ್ತೆ. ಹಾಕಿ ಬೇಗ!"

ಹಾಕಿದೆವು. ದಡ ಕಾಣುವಷ್ಟು ಹತ್ತಿರ ಬಂದಾಗ ಆ ಹಲಗೆಯ ಪಕ್ಕದ್ದೂ ಕಿತ್ತುಹೋಯಿತು. ಮಂಜಿ ಒಂದು ಮಾಳಿಗೆಯ ಮೇಲೆ ಕೂತುಬಿಟ್ಟಿತು. ನಾವು ಮಂಜಿಯ ಮೇಲೆ ಎದೆಮಟ್ಟದ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದು ನಿಂತೆವು. ದಡದವರು ಹಗ್ಗ ಎಸೆದು ಒಬ್ಬೊಬ್ಬರನ್ನೇ ಎಳೆದುಕೊಂಡರು. ಗುಲಾಬಿ ಬದುಕಿದಳು, ಅವಳ ಅತ್ತೆ ಬದುಕಿದರು, ಎಲ್ಲರೂ ಬದುಕಿದರು. ಹೆರಿಯಣ್ಣ ಒಳಗೆ ಉಳಿದರು. ನೀರಿಳಿದ ಮೇಲೆ ತೆಗೆದಾಗ ಅವರ ಬೆನ್ನು ಇನ್ನೂ ಆ ಹಲಗೆಗೇ ಒತ್ತಿಕೊಂಡಿತ್ತು.

ಇಲ್ಲಿಗೆ ಮುಗಿದಿದ್ದರೆ ದುಃಖವಷ್ಟೇ ಉಳಿಯುತ್ತಿತ್ತು. ಮುಗಿಯಲಿಲ್ಲ.

ಮಂಡಳಿಯವರು ಒಡೆದ ಮಂಜಿಯನ್ನು ಎತ್ತಿಕೊಂಡು ಹೋದರು. ಗಾಜಂಟು ಎಂಬುದೊಂದು ನಮ್ಮಲ್ಲಿದೆ, ಸುರಿದರೆ ಗಾಜಿನ ಹಾಗೆ ಗಟ್ಟಿಯಾಗುವ ಅಂಟು. ತೂತಿನ ಸಮೇತ, ತೂತಿಗೆ ತುರುಕಿದ್ದ ಹೆರಿಯಣ್ಣನ ಬೈರಾಸಿನ ಸಮೇತ, ಅದನ್ನು ಸುರಿದು ಮುಚ್ಚಿದರು. ಪಕ್ಕದಲ್ಲಿ ಫಲಕ ಹಾಕಿದರು: ಮಂಡಳಿಯ ದೂರದೃಷ್ಟಿಯಿಂದ ಕಾಪಾಡಲಾಗಿದ್ದ ಈ ಮಂಜಿಯು ಒಂದು ಊರನ್ನೇ ಉಳಿಸಿತು. ನನಗೆ ಶಾಲು ಹೊದೆಸುತ್ತೇವೆ ಬನ್ನಿ ಎಂದು ಕರೆ ಬಂತು. ಹೆರಿಯಣ್ಣನ ಹೆಂಡತಿ ಚಂದಕ್ಕ ಮಂಡಳಿಗೆ ಹೋಗಿ ಬೈರಾಸು ಕೇಳಿದರು. ಬಾಕಿ ಏನೂ ಕೇಳಲಿಲ್ಲ. ಅದು ಈಗ ಪ್ರದರ್ಶನದ ವಸ್ತು, ತೆಗೆದರೆ ಹಾಳಾಗುತ್ತದೆ ಎಂದು ಅವರಿಗೆ ಬಹಳ ಮರ್ಯಾದೆಯಿಂದ ತಿಳಿಸಿದರಂತೆ. ಕುಡಿಯಲು ಶರಬತ್ತೂ ಕೊಟ್ಟರಂತೆ.

ಉದ್ಘಾಟನೆಯ ದಿನ ನಾನು ಹೋದೆ. ಚಂದಕ್ಕ, ಗುಲಾಬಿ, ಕುದ್ರುವಿನ ಹೆಂಗಸರು ಎಲ್ಲ ಜೊತೆಗಿದ್ದರು. ಅಧ್ಯಕ್ಷರು ತ್ಯಾಗ ಎಂಬ ಮಾತನ್ನು ಬಾಯಿತುಂಬ ಆಡುತ್ತಿದ್ದರು. ನಾನು ವೇದಿಕೆ ಹತ್ತದೆ ನೇರ ಮಂಜಿಯ ಹತ್ತಿರ ಹೋಗಿ, ಚೀಲದಿಂದ ಉಳಿ ಸುತ್ತಿಗೆ ತೆಗೆದು, ಅತಿಥಿಗಳೆಲ್ಲ ನೋಡುತ್ತಿರುವಂತೆಯೇ ಗಾಜಂಟು ಒಡೆದೆ. ಕಾವಲುಗಾರರು ಓಡಿ ಬಂದರು. ಹೆಂಗಸರು ಅಡ್ಡ ನಿಂತರು. ಸರಿಯಲಿಲ್ಲ. ಬೈರಾಸು ಕಿತ್ತು ಚಂದಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಮೂಗಿಗೆ ಹಿಡಿದರು.

"ಅವ್ರ್ ವಾಸ್ನಿ ಇಲ್ಲೆ ಮಗಾ," ಎಂದರು. "ಬರೀ ಅಂಟಿನ್ ವಾಸ್ನಿ."

ನನ್ನ ಕೆಲಸ ಹೋಯಿತು. ಕೇಸು ನಡೆಯುತ್ತಿದೆ, ಕೆಸರು ತಿಂಗಳು ಮುಗಿದ ಮೇಲೆ ಕೋರ್ಟಿಗೆ ಹೋಗಬೇಕು.

ಈಗ ಕುದ್ರುವಿನವರು, ನಾನು ಸೇರಿ ದಡದಲ್ಲಿ ಒಂದು ಚಪ್ಪಟೆ ತಳದ ಹಡಗು ಕಟ್ಟಲು ನೋಡುತ್ತಿದ್ದೇವೆ. ಎರಡು ಸಲ ಕಟ್ಟಿ ಎರಡು ಸಲವೂ ಬಿಚ್ಚಿದೆವು. ಹಲಗೆಯನ್ನು ಬಿಸಿ ಮಾಡಿ ಹೇಗೆ ಬಗ್ಗಿಸುತ್ತಿದ್ದರು, ಸಂದಿಗೆ ಏನು ತುಂಬುತ್ತಿದ್ದರು, ತಳ ಎಷ್ಟು ಅಗಲವಾದರೆ ಗಾಳಿಗೆ ಮಗುಚುವುದಿಲ್ಲ, ಒಂದೂ ಗೊತ್ತಿಲ್ಲ. ನೀವು ಅದರ ಬಣ್ಣದ ಫೋಟೋ ಸಾವಿರಾರು ಬಿಟ್ಟುಹೋಗಿದ್ದೀರಿ. ಅದರ ಪಕ್ಕ ನಗುತ್ತಾ ನಿಂತ ನಿಮ್ಮ ಮುಖಗಳೂ ಇವೆ. ಕಟ್ಟುವುದು ಹೇಗೆಂದು ಒಬ್ಬರೂ ಕೇಳಿ ಇಟ್ಟಿಲ್ಲ.

ಆದ್ದರಿಂದ ಒಂದು ಬೇಡಿಕೆ. ನಿಮ್ಮ ಕಾಲದಲ್ಲಿ ಮಂಜಿ ಕಟ್ಟಿದವರು ಒಬ್ಬಿಬ್ಬರಾದರೂ ಬದುಕಿರಬಹುದು. ಅವರಿಗೆ ಹಾರ ಹಾಕಬೇಡಿ. ಮರ ತಂದುಕೊಟ್ಟು ಹೊಸದೊಂದನ್ನು ಕಟ್ಟಿಸಿಕೊಳ್ಳಿ, ಅದರಲ್ಲಿ ಏನಾದರೂ ಹೇರಿ ಓಡಿಸಿ, ಅದು ಸವೆಯಲಿ, ಸವೆದದ್ದನ್ನು ನಿಮ್ಮ ಮಕ್ಕಳು ಮತ್ತೆ ಕಟ್ಟಲಿ. ಮರಳಿನ ಮೇಲೆ ಬಿದ್ದಿರುವ ಹಳೆಯದು ನಿಮಗೆ ಬೇಡವಾದರೆ ಒಡೆದು ಸೌದೆ ಮಾಡಿ. ಅನ್ನವಾದರೂ ಬೇಯಲಿ. ಪ್ರೀತಿ ಬಂದು ಅದನ್ನು ಉಳಿಸಲು ಮಾತ್ರ ಹೊರಡಬೇಡಿ. ನಿಮ್ಮ ಪ್ರೀತಿ ಎಂಥದೆಂದು ನಾನು ಹಾರೆ ಹಿಡಿದು ಒಡೆದು ನೋಡಿದ್ದೇನೆ.

ನಿಮ್ಮ ಸಂತತಿಯವಳೇ ಆದ,
ಯಮುನಾ ಕಾಂಚನ್